ಚೂಟಿಯ ಪಕ್ಕದ ಸೀಟು

ಮಾರ್ಚ್ 3, ಸೋಮವಾರ

ಕೊನೆಗೂ ಬಸ್ಸಿನಿಂದ ಇಳಿಸಿಬಿಟ್ಟರು. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವನನ್ನು ಇವತ್ತಿನಿಂದ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರಿಸಿದ್ದಾರೆ. ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ಸವೆದಿದೆ. ಬಸ್ಸಿನ ಕ್ಲಚ್ ತುಳಿದದ್ದು ಸಾಕು. ನಿವೃತ್ತಿ ತನಕ ಕೂತು ಮಾಡೋ ಕೆಲಸ ಕೊಡ್ಲಿ" ಅಂದರು. ಇಷ್ಟು ವರ್ಷ ನಾನೇನು ನಿಂತುಕೊಂಡು ಬಸ್ ಓಡಿಸುತ್ತಿದ್ದೆನೇ?

ಕೌಂಟರೆಂದರೆ ಒಂದು ಗಾಜಿನ ಗೂಡು. ಗಾಜಿನಲ್ಲಿ ಅಂಗೈಯಗಲದ ತೂತು. ಜನ ಅದಕ್ಕೆ ಬಾಯಿ ಹಚ್ಚಿ ಪ್ರಶ್ನೆ ಒಳಗೆ ಸುರಿಯುತ್ತಾರೆ. ಪಕ್ಕದ ಕುರ್ಚಿಯಲ್ಲಿ ಬಸ್ಸುಗಳು ಬಂದದ್ದು ಹೊರಟದ್ದನ್ನು ಕೂಗುವ ಹೆಂಗಸು. ಎಲ್ಲರೂ ಅವರನ್ನು ಮೈಕಮ್ಮ ಅನ್ನುತ್ತಾರೆ. ಮೈಕ್ ಆರಿಸಿದ ಮೇಲೂ ಅವರ ದನಿ ಇಳಿಯುವುದಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆ ಇದ್ದ ಜನ ಈಗ ಮೂಗಿನ ಮುಂದೆ. ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ಹೇಳಿಕೊಳ್ಳೋಣವೆಂದರೆ ಮನೆ ಖಾಲಿ. ಬೆಟ್ಟದಾಚೆಯ ಊರಿನಲ್ಲಿ ನರ್ಸಾಗಿರುವ ಮಗಳಿಗೆ ಹೆರಿಗೆಯಾಯಿತೆಂದು ನಮ್ಮವಳು ಹೋಗಿ ಎರಡು ತಿಂಗಳು. ಸಂಜೆ ಫೋನು ಮಾಡಿದ್ದೆ.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು. ಮಗು?"

"ಮಲಗಿದೆ."

"ಸರಿ."

ಬಸ್ಸಿನ ವಿಷಯ ಹೇಳಲಿಲ್ಲ. ಹೇಳಿ ಏನಾಗಬೇಕು? ಬಾಯಿಗೆ ಕೆಲಸವಿಲ್ಲದ ಮೇಲೆ ಕೈಗಾದರೂ ಇರಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ.

ಮಾರ್ಚ್ 15, ಶನಿವಾರ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಕಾರು ಕೊಂಡುಬಿಟ್ಟೆ.

ಕೊಳ್ಳಲೆಂದು ಹೋದವನಲ್ಲ. ನಮ್ಮ ಬೀದಿಯ ತಿರುವಿನ ವ್ಯಾಯಾಮಶಾಲೆಯ ಮಾಸ್ತರ, ತೋಳು ನನ್ನ ತೊಡೆಯಷ್ಟಿರುವ ಆಸಾಮಿ, ತನ್ನ ಕಾರಿನ ಗಾಜಿಗೆ 'ಮಾರಾಟಕ್ಕಿದೆ' ಎಂದು ಅಂಟಿಸುತ್ತಿದ್ದ. ಕಿತ್ತಳೆ ಬಣ್ಣ. ಎರಡೇ ಬಾಗಿಲು. ಹಿಂದೆ ಗಿಡ್ಡ ಬೆನ್ನು, ಅದರ ಮೇಲೆ ಒಂದು ಪುಟ್ಟ ರೆಕ್ಕೆ. ಹಿಂಗಾಲು ಮಡಚಿ ನೆಗೆಯಲು ಕಾದಿರುವ ಬೆಕ್ಕಿನ ಹಾಗೆ ನಿಂತಿತ್ತು.

"ಯಾಕಪ್ಪಾ ಮಾರ್ತಿದೀಯಾ?"

"ಅವಳಿ ಮಕ್ಕಳು ಸಾರ್. ಇದರ ಹಿಂದಿನ ಸೀಟಿಗೆ ಮಗು ಕೂರಿಸೋದು ಅಂದ್ರೆ ಸೂಜಿಗೆ ಹಗ್ಗ ಪೋಣಿಸಿದ ಹಾಗೆ. ಕಾರಿರ್ಬೇಕು ಇಲ್ಲಾ ನಾನಿರ್ಬೇಕು ಅಂದ್ಬಿಟ್ಟಿದಾಳೆ ಹೆಂಡ್ತಿ."

"ಒಂದು ಸುತ್ತು ಓಡಿಸಿ ನೋಡ್ಲಾ?"

ಕೇಳಿದ್ದು ನಾನೇ. ಬಾಯಿಂದ ಬಂದಮೇಲೆ ನನಗೇ ಗಾಬರಿಯಾಯಿತು.

ಹನ್ನೆರಡು ಮೀಟರ್ ಉದ್ದದ ಬಸ್ಸನ್ನು ತಿರುಗಿಸುವುದೆಂದರೆ ಮೊದಲು ಅರ್ಜಿ ಹಾಕಿ, ಉತ್ತರಕ್ಕೆ ಕಾದು, ಆಮೇಲೆ ತಿರುಗಿಸುವುದು. ಇದು ಹಾಗಲ್ಲ. ತಿರುಗಬೇಕು ಅಂದುಕೊಳ್ಳುವಷ್ಟರಲ್ಲಿ ತಿರುಗಿರುತ್ತದೆ. ಹೆದ್ದಾರಿ ಸೇರುವ ಕಡೆ ಕಾಲು ಕೊಂಚ ಒತ್ತಿದೆ. ಕಾರು ಗುರ್ರೆಂದು ಮುಂದಕ್ಕೆ ಹಾರಿತು, ಬೆನ್ನು ಸೀಟಿಗೆ ಅಂಟಿತು, ನನ್ನ ಬಾಯಿಂದ "ಹೋ!" ಎಂದು ಹೊರಟಿತು. ಐವತ್ತೆಂಟು ವರ್ಷದವನ ಬಾಯಿಂದ. ಪಕ್ಕದಲ್ಲಿದ್ದ ಮಾಸ್ತರ ನಕ್ಕು, "ಎಲ್ಲರೂ ಹಾಗೇ ಅಂತಾರೆ ಸಾರ್" ಅಂದ.

ಕೀ ಕೊಡುವಾಗ ಅವನು ಕಾರಿನ ತಲೆ ಸವರಿದ. ನಾನು ಬೇರೆ ಕಡೆ ನೋಡಿದೆ.

ಮಾರ್ಚ್ 16, ಭಾನುವಾರ

ಇದಕ್ಕೆ ಚೂಟಿ ಎಂದು ಹೆಸರಿಟ್ಟಿದ್ದೇನೆ. ಹೆಸರು ಚೆನ್ನಾಗಿದೆ, ಕಾರು ಕಾಟ.

ಬೆಳಗಿನ ಹೊತ್ತು ಎರಡನೇ ಗೇರು ಬೀಳುವುದಿಲ್ಲ. ಒತ್ತಿದರೆ ಕರಕರ ಅಂದು ಮುಖ ತಿರುಗಿಸುತ್ತದೆ. ಒಂದು ಕ್ಷಣ ಸುಮ್ಮನಿದ್ದು ಮತ್ತೆ ಕೇಳಿದರೆ ತಾನಾಗಿ ಒಳಗೆ ಹೋಗುತ್ತದೆ. ರಸ್ತೆಯ ಉಬ್ಬು ದಾಟಿದರೆ ಕೆಳಹೊಟ್ಟೆ ಕೆರೆಯುತ್ತದೆ, ನನಗೆ ನನ್ನದೇ ಹೊಟ್ಟೆ ಕೆರೆದ ಹಾಗಾಗುತ್ತದೆ. ಸ್ಪ್ರಿಂಗು ಎಷ್ಟು ಬಿಗಿಯೆಂದರೆ ಟೈರಿನಡಿ ಕಡಲೆಕಾಳು ಸಿಕ್ಕರೂ ಸೊಂಟಕ್ಕೆ ಸುದ್ದಿ ಮುಟ್ಟುತ್ತದೆ. ಹಿಂದಿನ ದೀಪದ ಸಂದಿಯಿಂದ ನೀರು ಡಿಕ್ಕಿಗೆ ಇಳಿಯುತ್ತದೆ. ಡಿಕ್ಕಿಯಾದರೂ ಎಷ್ಟಗಲ? ಒಂದು ಸೂಟ್‌ಕೇಸ್ ಇಟ್ಟರೆ ಅದರ ಹಿಡಿ ಹೊರಗುಳಿಯುತ್ತದೆ. ಇನ್ನು ಇಳಿಯುವ ವೈಭವ! ಬಾಗಿಲು ಹಿಡಿದು, ತಿರುಗಿ, ಒಂದು ಕಾಲು ಹೊರಗಿಟ್ಟು, "ಅಮ್ಮಾ" ಅಂದು, ಆಮೇಲೆ ಇನ್ನೊಂದು ಕಾಲು. ಹೀಗೆ ಉಜ್ಜಿಕೊಂಡು ಇಳಿದವರೆಲ್ಲ ಸೇರಿ ಸೀಟಿನ ಅಂಚನ್ನು ಹರಿದಿದ್ದಾರೆ. ಒಳಗಿನ ಹಳದಿ ಸ್ಪಂಜು ಹಲ್ಲು ಕಿರಿಯುತ್ತಿದೆ.

ಮೆಕ್ಯಾನಿಕ್ಕನ ಬಳಿ ಒಯ್ದೆ. ಅವನು ಕಾರಿನಡಿ ಮಲಗಿ, ಎದ್ದು, ಕೈ ಒರೆಸಿಕೊಂಡು ಹೇಳಿದ: "ಇದು ಕಾಯಿಲೆ ಅಲ್ಲ ಸಾರ್, ಸ್ವಭಾವ. ಕಾಯಿಲೆಗೆ ಔಷಧಿ ಇದೆ."

ಹೆತ್ತವರಿಗೆ ಹೆಗ್ಗಣ ಮುದ್ದು. ಬರುವಾಗ ಸೀದಾ ಮನೆಗೆ ಬರದೆ ಎರಡು ಬೀದಿ ಹೆಚ್ಚಿಗೆ ಸುತ್ತಿದೆ.

ಮಾರ್ಚ್ 27, ಗುರುವಾರ

ಬಸ್ ಸ್ಟಾಪಿನ ಮುಂದೆ ನಿಧಾನ ಮಾಡಿದೆ. ಮೂವತ್ತು ವರ್ಷದ ಅಭ್ಯಾಸ, ಕಾಲು ತಾನೇ ಬ್ರೇಕಿಗೆ ಹೋಗುತ್ತದೆ. ಒಬ್ಬ ಮುದುಕಿ ಕೈ ಅಡ್ಡ ಹಾಕಿ ಬಾಗಿಲು ತೆಗೆದೇಬಿಟ್ಟರು. "ಮಾರ್ಕೆಟ್ಟಿಗೆ ಹೋಗ್ತದಾ?" ಕಿತ್ತಳೆ ಬಣ್ಣ ನೋಡಿ ಟ್ಯಾಕ್ಸಿ ಅಂದುಕೊಂಡಿರಬೇಕು. ಹೋಗ್ತದೆ ಅಂದೆ. ದಾರಿಯುದ್ದಕ್ಕೂ ಬೈದರು. ಗಾಡಿ ಕುಲುಕುತ್ತದೆ, ಕೂತರೆ ನೆಲದ ಮೇಲೆ ಕೂತ ಹಾಗಿದೆ, ಇಂಥಾದ್ದಕ್ಕೆ ಬಾಡಿಗೆ ಬೇರೆ ಕೇಳ್ತೀರಲ್ಲ, ಅಂತ. ಇಳಿಯುವಾಗ ಕೈ ಕೊಟ್ಟು ಎಬ್ಬಿಸಿದೆ.

ಇದನ್ನು ನಮ್ಮವಳಿಗೆ ಹೇಳಿದರೆ ನಗುತ್ತಿದ್ದಳು. ಆದರೆ ಕಾರು ಕೊಂಡದ್ದನ್ನೇ ಇನ್ನೂ ಹೇಳಿಲ್ಲ. ಬರಲಿ, ಬಾಗಿಲಲ್ಲೇ ನಿಲ್ಲಿಸಿ ತೋರಿಸೋಣ ಅಂತ. ಮೂರು ತಿಂಗಳು ಅಂತ ಹೋದವಳು, ಇನ್ನೇನು ಬಂದಾಳು.

ಏಪ್ರಿಲ್ 6, ಭಾನುವಾರ

ಬೆಟ್ಟದ ದಾರಿಗೆ ಹೋಗಿದ್ದೆ. ಈ ದಾರಿಯಲ್ಲಿ ಬಸ್ಸು ಓಡಿಸಿದ ಕಾಲದಲ್ಲಿ ನನಗೆ ಪ್ರತಿ ತಿರುವೂ ಒಂದು ಲೆಕ್ಕ: ಹಿಂದಿನ ಚಕ್ರ ಎಲ್ಲಿ ಬರುತ್ತದೆ, ಎದುರಿನವನು ಎಷ್ಟು ಜಾಗ ಬಿಡುತ್ತಾನೆ, ನಿಂತವರು ಯಾರು ಬೀಳುತ್ತಾರೆ. ಇವತ್ತು ಬೆಳಗ್ಗೆ ಅದೇ ತಿರುವುಗಳು ಕಚಗುಳಿ ಇಟ್ಟವು. ಮೂರನೇ ಗೇರಿನಲ್ಲಿ ಒಳಗೆ ಹೊಕ್ಕು, ನಡುವೆ ಒಂಚೂರು ಕಾಲೆತ್ತಿದರೆ ಮೂತಿ ತಾನೇ ಒಳಕ್ಕೆ ಬಾಗುತ್ತದೆ. ದಾರಿ ಬಿಚ್ಚಿಕೊಂಡೊಡನೆ ಮತ್ತೆ ಒತ್ತಿದರೆ ಚೂಟಿ ಮೈಕೊಡವಿ ಮೇಲಕ್ಕೆ ಹಾರುತ್ತದೆ. ಬಂಡೆಗೆ ಬಡಿದ ಸದ್ದು ಹಿಂದಕ್ಕೆ ಬರುತ್ತದೆ. ಮಂಡಿ ನೋವು? ಇತ್ತೇನೋ. ಕೇಳಲು ನನಗೆ ಪುರುಸೊತ್ತಿರಲಿಲ್ಲ.

ಹೀಗೇ ಒಂದು ದೊಡ್ಡ ತಿರುವು ಮುಗಿಸಿ, "ನೋಡಿದ್ಯಾ?" ಅಂದೆ, ಜೋರಾಗಿ.

ಪಕ್ಕದ ಸೀಟಿನಲ್ಲಿ ನನ್ನ ಊಟದ ಡಬ್ಬಿ ಇತ್ತು. ಬೀಳದಿರಲೆಂದು ಅದಕ್ಕೆ ಬೆಲ್ಟ್ ಹಾಕಿದ್ದೆ.

ತುದಿಯಲ್ಲಿ ನಿಲ್ಲಿಸಿದೆ. ಅಲ್ಲಿಂದ ದಾರಿ ಆಚೆಗೆ ಇಳಿಯುತ್ತದೆ, ಅವಳಿರುವ ಊರಿನ ಕಡೆಗೆ. ಇಳಿದುಬಿಟ್ಟರೆ ಮಧ್ಯಾಹ್ನದೊಳಗೆ ಮನೆ ಮುಂದೆ. ಆದರೆ ಹೇಳದೆ ಕೇಳದೆ ಹೋಗಿ, ಬಾಗಿಲು ತೆರೆದವಳ ಮುಂದೆ ನಿಂತು ಏನು ಹೇಳುವುದು? 'ಊಟ ಆಯ್ತಾ?' ಡಬ್ಬಿ ಬಿಚ್ಚಿ ಅಲ್ಲೇ ಉಂಡು ಹಿಂದಿರುಗಿದೆ.

ಸಂಜೆ ಅವಳು, "ಇನ್ನೂ ಸ್ವಲ್ಪ ದಿನ ಆಗ್ತದೆ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಹಿಂದೆ ಎಲ್ಲೋ ಹೊಲಿಗೆ ಯಂತ್ರದ ಸದ್ದು ಕೇಳಿದ ಹಾಗಾಯಿತು. ಅವಳ ಯಂತ್ರ ಇಲ್ಲಿ ಮುಂದಿನ ಕೋಣೆಯಲ್ಲಿ ಮುಸುಕು ಹೊದ್ದು ಕೂತಿದೆಯಲ್ಲ.

ಏಪ್ರಿಲ್ 12, ಶನಿವಾರ

ಎಲ್ಲ ಬಣ್ಣ ಮಸಿ ನುಂಗಿತು. ನಾನು ಬೀದಿಯಲ್ಲಿ 'ಬಾರೇ ಚೂಟಿ' ಅನ್ನುವುದನ್ನು ಕೇಳಿಸಿಕೊಂಡು ಮೇಲ್ಮನೆಯ ಟೀಚರಮ್ಮ ನಮ್ಮವಳಿಗೆ ಫೋನು ಮಾಡಿದ್ದಾರೆ.

"ಚೂಟಿ ಯಾರು?" ಅವಳ ಮೊದಲ ಮಾತೇ ಅದು.

"ಯಾರೂ ಅಲ್ಲ."

"ಯಾರೂ ಅಲ್ಲದೋಳ ಜೊತೆ ದಿನಾ ಸಂಜೆ ಸುತ್ತಾಡ್ತೀರಂತೆ. ಭಾನುವಾರ ಬೆಟ್ಟಕ್ಕೂ ಕರ್ಕೊಂಡು ಹೋಗಿದ್ರಂತೆ."

"ಕಾರು ಕಣೇ ಅದು."

"ಯಾರ ಕಾರು?"

"ನನ್ನದು. ತಗೊಂಡೆ. ಹೋದ ತಿಂಗಳು."

ಆಮೇಲೆ ತುಂಬಾ ಮೆಲ್ಲಗೆ, "ಬಸ್ಸಿಂದ ಇಳಿಸಿ ಕೌಂಟರಿಗೆ ಹಾಕಿದಾರಂತಲ್ಲ. ಅದನ್ನೂ ನಾನು ಮೇಲ್ಮನೆಯೋರ ಬಾಯಲ್ಲಿ ಕೇಳ್ಬೇಕಾ?" ಅಂದಳು.

ಅಷ್ಟಂದು ಫೋನು ಇಟ್ಟಳು.

ಏಪ್ರಿಲ್ 13, ಭಾನುವಾರ

ಎತ್ತಲಿಲ್ಲ.

ಏಪ್ರಿಲ್ 14, ಸೋಮವಾರ

ಮಗಳು ಎತ್ತಿದಳು. "ಅಮ್ಮ ಕೆಲಸದಲ್ಲಿದಾರೆ ಅಪ್ಪಾ." ಯಾವ ಕೆಲಸ? "ಅವರೇ ಹೇಳ್ತಾರೆ, ಬಿಡಿ."

ಏಪ್ರಿಲ್ 19, ಶನಿವಾರ

ಅವಳೇ ಮಾಡಿದಳು. ಅಲ್ಲೊಂದು ನಾಟಕ ತಂಡವಿದೆಯಂತೆ. ಮಗಳ ನೆರೆಯವರೇ ಅದನ್ನು ನಡೆಸುವುದು. ಬಟ್ಟೆ ಹೊಲಿಯುವವರು ಕೈಕೊಟ್ಟರೆಂದು ಇವಳನ್ನು ಕರೆದಿದ್ದಾರೆ. ರಾಜನ ಮೇಲಂಗಿ, ರಾಣಿಯ ನಿಲುವಂಗಿ, ಸೈನಿಕರ ತೊಡುಗೆ, ಎಲ್ಲ ಇವಳದೇ. ಇಷ್ಟು ಕಾಲ ಶಾಲೆಯ ಸಮವಸ್ತ್ರ ಹೊಲಿದ ಕೈ.

"ನೀಲಿ ಲಂಗ, ಬಿಳಿ ಅಂಗಿ, ನೀಲಿ ಲಂಗ, ಬಿಳಿ ಅಂಗಿ, ಕಣ್ಮುಚ್ಚಿದ್ರೂ ಅದೇ ಕಾಣೋದು. ಈಗ ನೋಡಿ, ರಾಜನಿಗೆ ನೇರಳೆ ಮಖಮಲ್ಲು!" ದನಿಯಲ್ಲಿ ಏನೋ ಹೊಳಪು.

"ಆಯ್ತಲ್ಲ, ನಾಟಕ ಮುಗಿದ ಮೇಲೆ ಬರ್ತೀಯಾ ತಾನೆ?"

"ನೋಡೋಣ."

"ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ. ಬಂದು ಏನ್ ಮಾಡ್ಲಿ ಹೇಳಿ? ನಿಮ್ಮ ಬಸ್ಸಲ್ಲಿ ಒಂದು ಬೋರ್ಡ್ ಇತ್ತಲ್ಲ, ಚಾಲಕರ ಜೊತೆ ಮಾತಾಡಬೇಡಿ ಅಂತ. ಅದನ್ನ ಮನೆಗೂ ತಂದು ತಗಲಾಕಿದ್ರಿ. ಇಲ್ಲಿ ಹದಿನೈದು ಜನ ಒಟ್ಟಿಗೆ ಮಾತಾಡ್ತಾರೆ. ತಲೆನೋವು ಬರ್ತದೆ. ಆದ್ರೂ ಬೆಳಗಾದ್ರೆ ಹೋಗೋಣ ಅನ್ಸ್ತದೆ."

ಇದು ಅನ್ಯಾಯದ ಮಾತು. ಮಾತಾಡಬೇಡ ಅಂತ ನಾನು ಯಾವತ್ತು ಹೇಳಿದ್ದೇನೆ? ದಿನವಿಡೀ ಹಾರ್ನ್ ಕೇಳಿ ಬಂದವನಿಗೆ ಒಂದಿಷ್ಟು ನಿಶ್ಶಬ್ದ ಬೇಡವೇ? ಕಾರು ತೆಗೆದುಕೊಂಡು ಪೆಟ್ರೋಲ್ ಬಂಕಿನ ತನಕ ಹೋಗಿ ಬಂದೆ. ಪೆಟ್ರೋಲ್ ಬೇಕಾಗಿರಲಿಲ್ಲ.

ಏಪ್ರಿಲ್ 27, ಭಾನುವಾರ

ಸೀಟಿನ ಹರುಕು ದೊಡ್ಡದಾಗಿದೆ. ಇಳಿಯುವಾಗ ಪ್ಯಾಂಟು ಸಿಕ್ಕಿಕೊಳ್ಳುತ್ತದೆ. ಅವಳ ಕೋಣೆಗೆ ಹೋಗಿ ಸೂಜಿ ಡಬ್ಬಿ ತೆಗೆದೆ. ಅದರೊಳಗೊಂದು ಪ್ರಪಂಚವೇ ಇದೆ. ಯಾವುದು ಯಾವುದಕ್ಕೆ ಎಂದು ತಿಳಿಯದೆ ಫೋನು ಮಾಡಿದೆ.

"ಸೀಟು ಹೊಲೀಬೇಕು. ಯಾವ ಸೂಜಿ?"

"ಯಾವ ಸೀಟು?" ಅಂದಳು. ಸ್ವಲ್ಪ ತಡೆದು, "ಓ, ಅವಳದಾ?" ಅಂದಳು.

"ಅವಳದೇ."

"ಬಿದಿಗೆ ಚಂದ್ರನ ಹಾಗೆ ಬಾಗಿರೋದೊಂದಿದೆ ನೋಡಿ. ಅದು. ದಾರ ಯಾವ ಬಣ್ಣದ್ದು ಹಾಕ್ತೀರಿ?"

"ಕಪ್ಪು ಸೀಟು, ಕಪ್ಪು ದಾರ."

"ಅಯ್ಯೋ, ಕಾರು ಕಿತ್ತಳೆ ಅಂದ್ರಲ್ಲ? ಕಿತ್ತಳೆ ದಾರ ಹಾಕಿ. ಹರಿದಿದ್ದನ್ನ ಮುಚ್ಚಿಡೋಕೆ ಹೋದ್ರೆ ಎದ್ದು ಕಾಣ್ತದೆ. ತೋರಿಸೇ ಹೊಲಿದ್ರೆ ಅಂದ ಅಂತಾರೆ."

ಫೋನನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಬೀದಿಯಲ್ಲಿ ಮಂಡಿಯೂರಲಾಗದೆ ಮಗ್ಗುಲಾಗಿ ಕೂತು ಹೊಲಿಯತೊಡಗಿದೆ. ಅವಳು ಅಲ್ಲಿಂದ ಹೇಳುವುದು, ನಾನು ಇಲ್ಲಿ ಚುಚ್ಚುವುದು.

"ಎಳೀಬೇಡಿ, ಸುಮ್ಮನೆ ಕೂರಿಸಿ. ಚುಚ್ಚಿಕೊಂಡ್ರಾ?"

"ಇಲ್ಲ."

"ಸುಳ್ಳು. ಉಸಿರೆಳ್ಕೊಂಡಿದ್ದು ಕೇಳಿಸ್ತು."

ನಡುವೆ ಮಗು ಎದ್ದಿತು, ಹಾಲು ಕುಡಿಯಿತು, ಮಲಗಿತು. ಅವಳು ರಾಜನ ಪಾತ್ರದವನ ಹೊಟ್ಟೆಯ ಸುತ್ತಳತೆ ವಾರವಾರ ಹೆಚ್ಚುತ್ತಿರುವ ಕಥೆ ಹೇಳಿದಳು. ನಾನು ಮುದುಕಿಯನ್ನು ಮಾರ್ಕೆಟ್ಟಿಗೆ ಬಿಟ್ಟ ಕಥೆ ಹೇಳಿದೆ. ನಕ್ಕಳು. ಹೊಲಿಗೆ ಮುಗಿದ ಮೇಲೂ ಕೊನೆಯ ಗಂಟು ಹಾಕುವುದಕ್ಕೆ ಸುಮಾರು ಹೊತ್ತು ತೆಗೆದುಕೊಂಡೆ. ಫೋನು ಕಾದು ಹೆಂಚಾಗಿತ್ತು.

ಹೊಲಿಗೆ ಡೊಂಕಾಗಿದೆ. ಇಳಿಯುವಾಗ ಬೆರಳಿಗೆ ತಾಗುತ್ತದೆ.

ಮೇ 9, ಶುಕ್ರವಾರ

ಮೊನ್ನೆ ಕೌಂಟರಿಗೆ ಒಬ್ಬ ಹೆಂಗಸು ಬಂದು, "ಬೇಗ ಹೋಗೋದು ಬೇಡ. ಸುತ್ತಿಕೊಂಡು ಹೋಗೋ ಬಸ್ಸು ಯಾವುದು?" ಅಂದರು. ಇಂಥ ಪ್ರಶ್ನೆ ನಾನು ಕೇಳಿಯೇ ಇರಲಿಲ್ಲ. ಹೇಳಿ ಕಳಿಸಿದೆ. ಸಂಜೆ ನಮ್ಮವಳಿಗೆ ಇದನ್ನು ಹೇಳಿದರೆ, "ಯಾಕಂತೆ?" ಅಂದಳು. ಕೇಳಲಿಲ್ಲ ಅಂದೆ. "ಕೇಳ್ಬೇಕಿತ್ತು ರೀ" ಅಂದಳು.

ಇವತ್ತು ಅದೇ ಹೆಂಗಸು ವಾಪಸು ಬಂದಿಳಿದರು. ಗೂಡಿನಿಂದ ಎದ್ದು ಹೋಗಿ ಕೇಳಿದೆ. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕನನ್ನು ನೋಡಲು ಹೋಗಿದ್ದರಂತೆ. "ಮಾತು ಹೊಂದಿಸ್ಕೊಳ್ಳೋಕೆ ಟೈಮು ಬೇಕಿತ್ತು" ಅಂದರು. ಹೊಂದಿತಾ ಅಂದೆ. "ಹೊಂದಿಸಿದ್ದು ಒಂದೂ ಆಡ್ಲಿಲ್ಲ. ಬಾಗಿಲು ತೆಗೆದಿದ್ದೇ ಇಬ್ರೂ ಅತ್ವಿ" ಅಂತ ನಕ್ಕರು.

ಸಂಜೆ ಆರಕ್ಕೆ ಮುಂಚೆಯೇ ಫೋನು ಮಾಡಿ ಅವಳಿಗೆ ಹೇಳಿದೆ. ಎಷ್ಟು ಹೊತ್ತಿಗೆ ಹೇಳೇನು ಅನ್ನಿಸಿಬಿಟ್ಟಿತ್ತು.

ಮೈಕಮ್ಮ ನನ್ನನ್ನು ಬಾಯಿಬಡಕ ಅಂದರು. ಅವರು! ನನ್ನನ್ನು!

ಮೇ 18, ಭಾನುವಾರ

ಇವತ್ತು ಕೇಳಿದ್ದನ್ನು ಹೇಗೆ ಬರೆಯಲಿ.

"ನನಗೆ ಲೈಸೆನ್ಸ್ ಬಂತು" ಅಂದಳು.

"ಯಾವುದರದ್ದು?"

"ಯಾವುದರದ್ದು ಅಂದ್ರೆ? ಕಾರು ಓಡಿಸೋದ್ದು. ಬೆಳಗ್ಗೆ ಬೆಳಗ್ಗೆ ಕಲೀತಿದ್ದೆ. ಡ್ರೈವಿಂಗ್ ಸ್ಕೂಲಿನಾಕೆ ಬಲು ಜೋರು, ಆದ್ರೆ ಚೆನ್ನಾಗಿ ಕಲಿಸ್ತಾಳೆ."

ಮೂವತ್ತು ವರ್ಷ ಲಕ್ಷಾಂತರ ಜನರನ್ನು ಸುಖವಾಗಿ ಊರು ಮುಟ್ಟಿಸಿದವನ ಹೆಂಡತಿ. ಯಾರೋ ಒಬ್ಬಾಕೆಯ ಹತ್ತಿರ.

"ನನಗೊಂದು ಮಾತು ಹೇಳ್ಬೇಕಿತ್ತು."

"ಕಾರು ತಗೊಳೋವಾಗ ನೀವು ಹೇಳಿದ್ರಾ?"

"ನಾನೇ ಕಲಿಸ್ತಿದ್ದೆನಲ್ಲ!"

"ಮದುವೆ ಆದ ಹೊಸದ್ರಲ್ಲಿ ಹಾಗೇ ಅಂದಿದ್ರಿ" ಅಂದಳು. ಸಿಟ್ಟಿನಿಂದಲ್ಲ. ಯಾವುದೋ ಹಳೇ ಊರಿನ ಹೆಸರು ಹೇಳುವ ಹಾಗೆ.

ನನಗೆ ಅದು ನೆನಪಿಲ್ಲ.

ಮೇ 21, ಬುಧವಾರ

ಚೂಟಿಯಲ್ಲಿ ಹೋಗಿ ಕೂತೆ. ಸ್ಟಾರ್ಟ್ ಮಾಡಲಿಲ್ಲ. ಅವಳ ಕೈ ಸ್ಟಿಯರಿಂಗ್ ಮೇಲೆ ಹೇಗೆ ಕಾಣುತ್ತದೆ ಎಂದು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಆಗಲಿಲ್ಲ. ಬಟ್ಟೆ ಕತ್ತರಿಸುವ ಕೈ ಕಾಣುತ್ತದೆ, ಕಣ್ಣಿಗೆ ಅಡ್ಡ ಬಂದ ಕೂದಲನ್ನು ಮೊಣಕೈಯಿಂದ ತಳ್ಳುವುದು ಕಾಣುತ್ತದೆ.

ರಜೆ ಕೇಳಿದ್ದೇನೆ.

ಜೂನ್ 1, ಭಾನುವಾರ (ಮಗಳ ಮನೆಯಲ್ಲಿ)

ಬೆಳಗ್ಗೆ ಬೇಗ ಹೊರಟೆ. ಈ ಸಲ ಬೆಟ್ಟದ ತುದಿಯಲ್ಲಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಚೂಟಿ ಹಾಡಿತು. ಬಯಲಿಗೆ ಬಂದ ಮೇಲೆ ರಸ್ತೆ ಕೆಟ್ಟದ್ದು. ನನ್ನ ಬೆನ್ನಿನ ಒಂದೊಂದು ಮಣಿಯೂ ಬೇರೆ ಬೇರೆಯಾಗಿ ಅತ್ತಿತು. ಆದರೂ ನಡುವೆ ಎಲ್ಲೂ ಇಳಿಯಬೇಕೆನಿಸಲಿಲ್ಲ. ಆಡಬೇಕಾದ ಮಾತು ಹೊಂದಿಸಿಕೊಳ್ಳುತ್ತಿದ್ದೆ.

ಸದ್ದು ಕೇಳಿಯೇ ಅವಳು ಹೊರಗೆ ಬಂದಳು. ಮಣಿಕಟ್ಟಿಗೆ ಗುಂಡುಸೂಜಿಯ ದಿಂಬು, ಕೊರಳಲ್ಲಿ ಅಳತೆ ಪಟ್ಟಿ. ಕೂದಲು ಗಿಡ್ಡ ಮಾಡಿಸಿದ್ದಾಳೆ. ಯಾರೂ ನನಗೆ ಹೇಳಿರಲಿಲ್ಲ. ನಾನು ಬಾಗಿಲು ಹಿಡಿದು, ತಿರುಗಿ, ಅಮ್ಮಾ ಅಂದು ಇಳಿಯುವುದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೊಂದಿಸಿದ್ದೆಲ್ಲ ಹಾರಿಹೋಯಿತು.

"ಕೂದಲು ಚೆನ್ನಾಗಿದೆ" ಅಂದೆ.

ಅವಳು ಕೈಯಿಂದ ಕೂದಲು ಮುಟ್ಟಿಕೊಂಡಳು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದಳು. "ಇಷ್ಟೇ ಇಷ್ಟಾ? ನಿಮ್ಮ ಮಾತು ಕೇಳಿ ಆನೆ ಅಂದ್ಕೊಂಡಿದ್ದೆ."

ಮೊಮ್ಮಗುವನ್ನು ಎತ್ತಿಕೊಂಡೆ. ನನ್ನ ಮೂಗು ಹಿಡಿದು ಗೇರು ಹಾಕಲು ನೋಡಿತು. ಊಟವಾದ ಮೇಲೆ ಅವಳು ಕೈ ಚಾಚಿದಳು. "ಕೀ ಕೊಡಿ."

ಕೊಟ್ಟೆ. ಆ ಕಡೆಯಿಂದ ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತೆ.

ನಾನು ಈ ಸೀಟಿನಲ್ಲಿ ಕೂತೇ ಇರಲಿಲ್ಲ. ಇಲ್ಲಿಂದ ಇದು ಬೇರೆಯೇ ಕಾರು. ಏಸಿಯ ನೀರು ತೊಟ್ಟು ತೊಟ್ಟಾಗಿ ಬಲಪಾದದ ಮೇಲೆ ಬೀಳುತ್ತದೆ. ಉಬ್ಬು ಬಂದಾಗೆಲ್ಲ ಮುಂದಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿಕೊಂಡು ಮಂಡಿಗೆ ಬಡಿಯುತ್ತದೆ, ಅದೂ ನೋವಿರುವ ಮಂಡಿಗೇ. ಹಿಡಿದುಕೊಳ್ಳಲು ಏನೂ ಇಲ್ಲ. ಆ ಮುದುಕಿ ಸುಮ್ಮನೆ ಬೈಯಲಿಲ್ಲ.

ಅವಳು ಹೊರಟಳು. ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯಿತು.

"ಅಲ್ಲಿ ಬ್ರೇಕಿಲ್ಲ ರೀ" ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ಎರಡನೇ ಗೇರು ಕರಕರ ಅಂದಿತು. ತುಟಿ ಕಚ್ಚಿ ಹಿಡಿದೆ. ಮತ್ತೆ ಕರಕರ. ಅವಳೇ ಕೇಳಿದಳು: "ಹೇಳಿ, ಏನ್ ಮಾಡ್ಬೇಕು ಇದಕ್ಕೆ?"

"ಒತ್ತಬೇಡ. ಒಂದು ಕ್ಷಣ ಸುಮ್ಮನಿರು. ಅದೇ ಬರ್ತದೆ."

ಸುಮ್ಮನಿದ್ದಳು. ಬಂತು. ನದಿ ದಾಟಿದ ಮೇಲೆ ರಸ್ತೆ ನೇರವಾಯಿತು. ಅವಳು ನನ್ನ ಮುಖ ನೋಡಿದಳು. ಹೂಂ ಅಂದೆ. ಕಾಲು ಒತ್ತಿದಳು. ಚೂಟಿ ಗುರ್ರೆಂದು ಹಾರಿತು, ಇಬ್ಬರ ಬೆನ್ನೂ ಸೀಟಿಗೆ ಅಂಟಿತು. ಅವಳ ಬಾಯಿಂದ ಒಂದು ಕೇಕೆ ಹೊರಟಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವನು ಆ ಸದ್ದನ್ನು ಕೇಳಿರಲಿಲ್ಲ.

ನದಿಯಾಚೆಯ ಮರಗಳ ಕೆಳಗೆ ನಿಲ್ಲಿಸಿದಳು. ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಪಾದ ಒದ್ದೆಯಾಗಿದೆ ಅಂದೆ. ಬಗ್ಗಿ ನೋಡಿ, ಕೊರಳ ಪಟ್ಟಿ ತೆಗೆದಿಟ್ಟು, ಕರವಸ್ತ್ರ ಕೊಟ್ಟಳು.

"ಯಾವಾಗ ಬರ್ತೀಯಾ?" ಅಂದೆ.

"ನಾಟಕದ ಬಟ್ಟೆ ಮುಗಿಸ್ಬೇಕು. ತಾಲೀಮಿನ ಮನೆಗೂ ಇಲ್ಲಿಗೂ ದಿನಾ ಗಂಟು ಹೊರ್ತೀನಿ. ಆಮೇಲೆ ನೋಡೋಣ."

"ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ. ನಿನಗೆ ಬೇಕಾಗ್ತದೆ."

ಹಾಗೆಂದವನು ನಾನೇನಾ? ಅವಳು ಬಹಳ ಹೊತ್ತು ಸ್ಟಿಯರಿಂಗ್ ಸವರುತ್ತ ಕೂತಳು. "ನಿಮಗೆ?" ಅಂದಳು.

"ಊರ ತುಂಬಾ ಬಸ್ಸಿದೆ."

ಜೂನ್ 2, ಸೋಮವಾರ

ಬಸ್ಸಿನಲ್ಲಿ ಬಂದೆ. ಡ್ರೈವರು ನನ್ನ ಕೈಕೆಳಗೆ ಕಲಿತವನೇ. ಗುರುತು ಹಿಡಿದು ಮುಂದಿನ ಸೀಟು ಕೊಡಿಸಿದ. ಬೆಟ್ಟ ಹತ್ತುವಾಗ ಪ್ರತಿ ತಿರುವಿಗೂ ನನ್ನ ಮೈ ಚೂಟಿಯ ಹಾಗೆ ಬಾಗುತ್ತಿತ್ತು, ಬಸ್ಸು ಮಾತ್ರ ಅರ್ಜಿ ಹಾಕಿ ಕಾಯುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ಗಡಿಯಾರ ರಿಪೇರಿಯವರು. ಊರು ಬರುವಷ್ಟರಲ್ಲಿ ಅವರ ಮೂವರು ಮಕ್ಕಳ ಗುಣಾವಗುಣವೆಲ್ಲ ನನಗೆ ತಿಳಿದಿತ್ತು.

ಮನೆ ಮುಂದೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಎಣ್ಣೆ ಕಲೆ. ಅದರ ಮೇಲೆ ಎಲೆ ಬಿದ್ದಿತ್ತು. ಗುಡಿಸಿದೆ.

ಜೂನ್ 14, ಶನಿವಾರ

ಒಬ್ಬರಿಗೆ ಹಾತೊರೆಯುತ್ತಿದ್ದವನು ಈಗ ಇಬ್ಬರಿಗೆ ಹಾತೊರೆಯುತ್ತಿದ್ದೇನೆ. ಬೀದಿಯಲ್ಲಿ ಯಾವ ಗಾಡಿ ಗುರ್ರೆಂದರೂ ಕಿಟಕಿಗೆ ಹೋಗುತ್ತೇನೆ. ಟೀಚರಮ್ಮ ಮೇಲಿನಿಂದ, "ಹಾಲಿನ ಅಂಗಡಿ ಗಾಡಿ ಅದು, ನಿಮ್ಮದಲ್ಲ" ಅಂತ ಕೂಗಿದರು. ನಾಚಿಕೆಯಾಯಿತು.

ಅವಳ ಫೋನು. ಮಳೆ ಬಂದು ಡಿಕ್ಕಿಗೆ ನೀರಿಳಿದು ರಾಜನ ಮೇಲಂಗಿಯ ಅಂಚು ಒದ್ದೆಯಾಯಿತಂತೆ.

"ಮೊದಲೇ ಹೇಳ್ಬಾರ್ದಾ ಸೋರ್ತದೆ ಅಂತ?"

"ಕಾಯಿಲೆ ಅಲ್ಲ ಅದು, ಸ್ವಭಾವ."

"ಯಾರ ಹತ್ರ ಹೇಳ್ತೀರಿ! ಸ್ವಭಾವದ ಜೊತೆ ಬಾಳಿ ನನಗೆ ಅಭ್ಯಾಸ ಇದೆ" ಅಂದಳು. ಇಬ್ಬರೂ ನಕ್ಕೆವು. ಹೇಳುವುದೆಲ್ಲ ಮುಗಿದಿತ್ತು. ಫೋನು ಮಾತ್ರ ಯಾರೂ ಇಡಲಿಲ್ಲ.

ಜೂನ್ 26, ಗುರುವಾರ

"ಬಟ್ಟೆ ಎಲ್ಲಾ ಮುಗೀತು. ಭಾನುವಾರ ಬೆಳಗ್ಗೆ ಹೊರಡ್ತೀನಿ" ಅಂದಳು. "ನಾನೇ, ಒಬ್ಬಳೇ, ಓಡಿಸ್ಕೊಂಡು."

ಬೆಟ್ಟದ ಏಳನೇ ತಿರುವಿನ ಜಲ್ಲಿ, ಲಾರಿಗಳು ನುಗ್ಗುವ ಸೇತುವೆ, ಮಂಜು, ಎಲ್ಲ ಒಟ್ಟಿಗೆ ನಾಲಗೆಗೆ ಬಂತು. "ಬಾ" ಅಂದೆ.

ಎಷ್ಟು ದಿನಕ್ಕೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ಜೂನ್ 29, ಭಾನುವಾರ

ಬೆಳಗ್ಗೆಯಿಂದ ಮನೆ ಗುಡಿಸಿದ್ದೇ ಗುಡಿಸಿದ್ದು. ಅವಳ ಯಂತ್ರದ ಮುಸುಕು ತೆಗೆದೆ, ಮತ್ತೆ ಹೊದಿಸಿದೆ, ಮತ್ತೆ ತೆಗೆದೆ. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಮನೆಯಲ್ಲಿ ಕೂರಲಾಗದೆ ಹೆದ್ದಾರಿ ಬಂದು ಊರು ಸೇರುವ ಕೂಡುರಸ್ತೆಯ ತನಕ ನಡೆದೆ. ಅಲ್ಲಿ ದಾರಿ ತಪ್ಪುವವರು ಜಾಸ್ತಿ, ಕೈ ತೋರಿಸೋಣವೆಂದು.

ಸದ್ದು ಮೊದಲು ಬಂತು. ಆಮೇಲೆ ಲಾರಿಗಳ ನಡುವಿನಿಂದ ಒಂದು ಕಿತ್ತಳೆ ಚುಕ್ಕೆ. ನಾನು ಕೈ ಎತ್ತಿದೆ. ಅವಳು ನನ್ನನ್ನು ನೋಡಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆ, ಕಣ್ಣು ಮುಂದೆ, ಕಿಟಕಿ ಇಳಿಸಿದೆ, ಗಿಡ್ಡ ಕೂದಲು ಹಾರುತ್ತಿದೆ, ತುಟಿ ಅಲುಗುತ್ತಿದೆ. ಹಾಡುತ್ತಿದ್ದಳೋ, ಕಾರಿನ ಜೊತೆ ಮಾತಾಡುತ್ತಿದ್ದಳೋ. ತಿರುವಿನಲ್ಲಿ ಕೊಂಚ ತಗ್ಗಿ, ಒಳಕ್ಕೆ ಬಾಗಿ, ದಾರಿ ಬಿಚ್ಚಿಕೊಂಡೊಡನೆ ಮೈಕೊಡವಿ ಹೋದಳು. ಎತ್ತಿದ ಕೈ ಹಾಗೇ ಇತ್ತು.

ಚೂಟಿ ಓಡುವುದನ್ನು ನಾನು ನೋಡಿಯೇ ಇರಲಿಲ್ಲ. ಯಾವಾಗಲೂ ಅದರೊಳಗೇ ಇದ್ದೆನಲ್ಲ. ಎಷ್ಟು ಚೆಂದ ಹೋಗುತ್ತದೆ!

ಮಂಡಿಯನ್ನು ಸಮಾಧಾನ ಮಾಡುತ್ತ ಮನೆಗೆ ನಡೆದೆ. ಅವಸರ ಮಾಡಲಿಲ್ಲ. ಚೂಟಿ ಮನೆ ಮುಂದೆ ನಿಂತಿತ್ತು. ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ, ಸೊಂಟ ಹಿಡಿದುಕೊಂಡು ಕೂತಿದ್ದಳು.

"ಇಷ್ಟು ದೂರದಿಂದ ಬಂದ್ರೆ ಮನೆಗೆ ಬೀಗ. ಎಲ್ಲಿಗೆ ಹೋಗಿದ್ರಿ?"

"ನಿನ್ನನ್ನ ನೋಡೋಕೆ. ಕೂಡುರಸ್ತೆಗೆ."

"ಅಯ್ಯೋ! ನೋಡಿದ್ರಾ? ಹೆಂಗೆ ಓಡಿಸ್ತಿದ್ದೆ?"

"ಸರಿಯಾಗಿ ಕಾಣಲಿಲ್ಲ. ಸರ್ರಂತ ಹೋಗ್ಬಿಟ್ಟೆ. ಇನ್ನೊಂದ್ಸಲ ಬಾ."

ನನ್ನ ಮುಖವನ್ನೇ ನೋಡಿದಳು, ತಮಾಷೆಯೋ ನಿಜವೋ ಎಂದು. ಆಮೇಲೆ ಮೆಟ್ಟಿಲ ಮೇಲಿದ್ದ ಕೀ ತೆಗೆದುಕೊಂಡು, ಬಾಗಿಲು ಹಿಡಿದು, "ಅಮ್ಮಾ" ಅಂದು ಕಾರೊಳಗೆ ಇಳಿದಳು. ನಾನು ಗೇಟಿನ ಹೊರಗೆ ಬಂದು, ಬೀದಿ ತುದಿ ಚೆನ್ನಾಗಿ ಕಾಣುವ ಕಡೆ ನಿಂತೆ.